ಜೇಬಿನಲ್ಲಿದ್ದ ಫ್ಯೂಸು

ಪಾರ್ಕಿನ ಬೆಂಚಿನ ಮೇಲೆ ಕುಳಿತು, ಬೆವರು ಒರೆಸಿಕೊಳ್ಳೋಣವೆಂದು ಕರವಸ್ತ್ರಕ್ಕಾಗಿ ಪ್ಯಾಂಟಿನ ಜೇಬಿಗೆ ಕೈ ಹಾಕಿದ ಲೈನ್‌ಮನ್‌ನ ಬೆರಳಿಗೆ ತಣ್ಣನೆಯ ಪಿಂಗಾಣಿ ತಾಗಿತು.

ಹೊರಗೆ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಕೆಲಸಕ್ಕೆ ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಆ ಬಲಗಡೆಯ ಜೇಬಿನಲ್ಲಿ ಅಂಥದ್ದು ಎಷ್ಟು ಸಲ ಕೂತಿದೆಯೋ ಲೆಕ್ಕವಿಲ್ಲ. ಆದರೂ ತೆಗೆದ. ಮನೆಯ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಬಿಳಿ ಫ್ಯೂಸು. ಇದು ಇಲ್ಲಿದೆ ಅಂದರೆ ಅಲ್ಲಿಲ್ಲ. ಅಲ್ಲಿಲ್ಲ ಅಂದರೆ ಮನೆಗೆ ಕರೆಂಟಿಲ್ಲ. ಮನೆಗೆ ಕರೆಂಟಿಲ್ಲ ಅಂದರೆ ಅತ್ತೆಗೆ ಉಸಿರಿಲ್ಲ.

"ಯಾಕೋ, ಮುಖ ಯಾಕೆ ಹಾಗಾಯ್ತು? ಎದೆ ನೋವಾ?" ಪಕ್ಕದಲ್ಲಿದ್ದ ಪೀಪಿ ನಗುವುದನ್ನು ಅರ್ಧಕ್ಕೇ ನಿಲ್ಲಿಸಿ ಕೇಳಿದ. ಪೀಪಿ ಒಂದು ಕಾಲದಲ್ಲಿ ಗೋದಾಮಿನ ಕಾವಲುಗಾರ; ಮಂಡಿಚಿಪ್ಪು ಸವೆದು ಕೆಲಸ ಬಿಟ್ಟು ಮನೆಗೆ ಬಂದರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ, ಅದಕ್ಕೇ ಆ ಹೆಸರು.

"ಕೊಂದುಬಿಟ್ಟೆ ಕಣೋ," ಎಂದ ಲೈನ್‌ಮನ್. "ನಮ್ಮತ್ತೇನ ಕೊಂದುಬಿಟ್ಟೆ."

ಪೀಪಿ ಇದನ್ನೂ ತಮಾಷೆಯೆಂದುಕೊಂಡು ಬಾಯಿ ತೆರೆದವನು, ಗೆಳೆಯನ ಕೈಯಲ್ಲಿದ್ದ ಫ್ಯೂಸನ್ನು ಕಂಡು ಹಾಗೇ ಮುಚ್ಚಿದ.

ಇದು ಹೇಗಾಯಿತು ಅಂತ ಕೇಳಿದರೆ, ಖುಷಿಯಿಂದ ಆಯಿತು. ದುಃಖದಲ್ಲಿ ಮನುಷ್ಯ ಅಷ್ಟೊಂದು ಮೈಮರೆಯುವುದಿಲ್ಲ, ಖುಷಿಯನ್ನು ನಂಬಬಾರದು. ಲೈನ್‌ಮನ್‌ಗೆ ಕಂಬದ ಮೇಲಿದ್ದಾಗಲೇ ಹೃದಯಾಘಾತವಾಗಿತ್ತು. ಸೊಂಟಕ್ಕೆ ಕಟ್ಟಿದ ಬೆಲ್ಟು ಹಿಡಿದುಕೊಂಡಿದ್ದರಿಂದ ಬೀಳದೆ, ಒಣಗಲು ಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿದ್ದವನನ್ನು ಜೊತೆಯವರು ಇಳಿಸಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಕಚೇರಿಯವರು ಹಾರ ಹಾಕಿ, ವಯಸ್ಸಿಗೆ ಮುಂಚೆಯೇ ಮನೆಗೆ ಕಳಿಸಿದರು. ಡಾಕ್ಟರು ಹೇಳಿದ್ದು ಇಷ್ಟೇ: "ಕೂತಲ್ಲೇ ಕೂರಬೇಡಿ, ದಿನಾ ನಡೀರಿ. ಆದ್ರೆ ಓಡಬೇಡಿ, ಹತ್ತಬೇಡಿ, ಭಾರ ಎತ್ತಬೇಡಿ. ನಡೀವಾಗ ಮಾತಾಡೋಕೆ ಆಗ್ಬೇಕು, ಅಷ್ಟೇ ಜೋರು ಸಾಕು."

ಡಾಕ್ಟರು ಒಂದು ಹೇಳಿದರೆ ಹೆಂಡತಿ ಅದಕ್ಕೆ ನಾಲ್ಕು ಸೇರಿಸಿದಳು. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅಳತೆ ತಪ್ಪಿದರೆ ಬಟ್ಟೆ ಹೋಯಿತು ಎಂದು ನಂಬಿದ ಜೀವ. ಗಂಡ ಸ್ಟೂಲು ಮುಟ್ಟುವಂತಿಲ್ಲ. ಬಕೆಟ್ಟು ಎತ್ತುವಂತಿಲ್ಲ. ಸ್ಕ್ರೂಡ್ರೈವರು, ಟೆಸ್ಟರು, ಕಟಿಂಗ್ ಪ್ಲೇಯರು ಎಲ್ಲಾ ಒಂದು ಚೀಲಕ್ಕೆ ತುಂಬಿ ಬೀರುವಿನ ತಲೆಯ ಮೇಲೆ ಹೋದವು. ಊರಿಗೆಲ್ಲಾ ಬೆಳಕು ಕೊಟ್ಟವನು ಮನೆಯಲ್ಲಿ ಬಲ್ಬು ಬದಲಿಸಲೂ ಬೇರೆಯವರನ್ನು ಕರೆಯಬೇಕಾಯಿತು.

ಅವನಿಗೆ ಮನೆಯಲ್ಲಿ ಜೊತೆ ಅಂದರೆ ಅತ್ತೆಯೇ. ಶ್ವಾಸಕೋಶ ಕೈಕೊಟ್ಟು ಮಗಳ ಮನೆಗೆ ಬಂದವಳು. ಹಾಸಿಗೆಯ ಪಕ್ಕದಲ್ಲಿ ಗಾಳಿ ಪೆಟ್ಟಿಗೆ, ಅದರಿಂದ ಮೂಗಿಗೊಂದು ಕೊಳವೆ. ಕರೆಂಟಿನಿಂದ ನಡೆಯುವ ಆ ಯಂತ್ರ ಹಗಲೂ ರಾತ್ರಿ ಗುರ್ ಎನ್ನುತ್ತಿರಬೇಕು. ಕರೆಂಟು ಹೋದಾಗಲೆಂದು, ಸ್ವಲ್ಪ ಹೊತ್ತಷ್ಟೇ ಬರುವ ಒಂದು ಪುಟ್ಟ ಸಿಲಿಂಡರು ಬೇರೆ ಇತ್ತು.

"ನೀವು ಎದೆ, ನಾನು ಉಸಿರು," ಎನ್ನುತ್ತಿದ್ದಳು ಅತ್ತೆ. "ಇಬ್ಬರನ್ನೂ ಸೇರಿಸಿದ್ರೆ ಒಂದು ಪೂರ್ತಿ ಆಳಾಗ್ಬಹುದು, ಅಳಿಯಂದ್ರೇ."

"ಬಾಯಿ ಮಾತ್ರ ನಿಮ್ಮದೇ ಇರ್ಲಿ ಅತ್ತೆ, ಅದೊಂದು ಗಟ್ಟಿಯಾಗಿದೆ," ಎನ್ನುತ್ತಿದ್ದ ಅವನು.

ದಿನವಿಡೀ ಇಬ್ಬರದೂ ಇದೇ ಪಂಚಾಯಿತಿ. ಕೆಲಸದ ಕಾಲದ ಕಥೆಗಳನ್ನು ಅವನು ಹೇಳಿದ್ದೇ ಹೇಳಿ, ಆಕೆ ಕೇಳಿದ್ದೇ ಕೇಳಿ, ಕೊನೆಗೆ ಆಕೆಗೆ ಬಾಯಿಪಾಠವಾಗಿತ್ತು. ಅದರಲ್ಲೂ ಫ್ಯೂಸಿನ ನಿಯಮ. ತಂತಿಯ ಮೇಲೆ ಕೈ ಇಡುವ ಮುಂಚೆ ಫ್ಯೂಸು ಕಿತ್ತು ನಿನ್ನ ಜೇಬಿಗೆ ಹಾಕಿಕೊ. ಕೆಲಸ ಮುಗಿದ ಮೇಲೆ ಕಿತ್ತವನೇ ಹಾಕಬೇಕು. ಎಲ್ಲಾದರೂ ಫ್ಯೂಸಿನ ಜಾಗ ಖಾಲಿ ಕಂಡರೆ, ಊರೇ ಕತ್ತಲಾಗಿರಲಿ, ಅಲ್ಲಿ ತಂತಿ ಸಿಕ್ಕಿಸಬೇಡ. ಯಾರೋ ಒಬ್ಬ ತಂತಿಯ ಮೇಲಿದ್ದಾನೆ. ಮೊದಲು ಅವನನ್ನು ಹುಡುಕು. ಈ ಮಾತು ಹೇಳುವಾಗ ಮಾತ್ರ ಅವನು ನಗುತ್ತಿರಲಿಲ್ಲ. ಅವಸರದ ಯಾರೋ ಒಬ್ಬರು ಖಾಲಿ ಜಾಗಕ್ಕೆ ತಂತಿ ಸಿಕ್ಕಿಸಿದ್ದಕ್ಕೆ ಅವನ ಜೊತೆಗಾರನೊಬ್ಬ ಕಂಬದ ಮೇಲೇ ಸುಟ್ಟುಹೋಗಿದ್ದ.

ಅತ್ತೆ ಅವನ ದನಿಯನ್ನೇ ಅಣಕಿಸುತ್ತಿದ್ದಳು. "ಮೊದ್ಲು ಅವನನ್ನ ಹುಡ್ಕು! ಗೊತ್ತು ಮಾರಾಯ್ರೇ, ಕೇಳಿ ಕೇಳಿ ಕಿವಿ ತೂತಾಯ್ತು."

ಈ ದಿನ ಹೆಂಡತಿ ಹೊಲಿದ ಬಟ್ಟೆ ಕೊಟ್ಟುಬರಲು ಹೊರಗೆ ಹೋದಳು. ಮೆಟ್ಟಿಲ ದೀಪದ ಸ್ವಿಚ್ಚು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅವಳು ವಾರದಿಂದ ಗೊಣಗುತ್ತಿದ್ದದ್ದು ಅವನ ತಲೆಯಲ್ಲಿ ಕೂತಿತ್ತು. ಮೆಟ್ಟಿಲ ಮೇಲೇ ಕೂತು ಮಾಡುವ ಕೆಲಸ, ಹತ್ತುವುದಿಲ್ಲ, ಎತ್ತುವುದಿಲ್ಲ. ಬೀರುವಿನ ಮೇಲಿನ ಚೀಲವನ್ನು ಪೊರಕೆಯ ಹಿಡಿಯಿಂದ ಎಳೆದು ಬೀಳಿಸಿಕೊಂಡ. ಅತ್ತೆಯ ಮೂಗಿನ ಕೊಳವೆಯನ್ನು ಪುಟ್ಟ ಸಿಲಿಂಡರಿಗೆ ಸಿಕ್ಕಿಸಿ ಅದರ ಕೀಲಿ ತಿರುವಿ ಗಾಳಿ ಬಿಟ್ಟ.

"ಏನು ಕಳ್ಳ ಕೆಲಸ?" ಎಂದಳು ಅತ್ತೆ.

"ಐದೇ ನಿಮಿಷ. ನಿಮ್ಮ ಮಗಳಿಗೆ ಹೇಳ್ಬೇಡಿ."

"ಎಲ್ಲಿ ಹತ್ತುತೀರೋ ಏನೋ! ಬಿದ್ದುಗಿದ್ದೀರಾ."

"ಬೀಳಲ್ಲ. ಫ್ಯೂಸ್ ನನ್ನ ಜೇಬಲ್ಲಿರತ್ತೆ, ಇನ್ನೇನು ಭಯ?" ಎಂದು ನಕ್ಕು ಇಳಿದುಹೋದ. ಎಲ್ಲಿ ಕೆಲಸ ಅಂತ ಹೇಳಲಿಲ್ಲ. ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸ್ವಿಚ್ಚು ಬಿಚ್ಚಿ, ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಬಿಗಿದು ಮುಚ್ಚಳ ಹಾಕಿದಾಗ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿತ್ತು. ಎದೆ ನೋಯಲಿಲ್ಲ. ಕೈ ನಡುಗಲಿಲ್ಲ. ಅವನ ಸಂತೋಷವನ್ನು ಏನೆಂದು ಹೇಳುವುದು! ಮತ್ತೆ ಮನುಷ್ಯನಾದೆ ಅನ್ನಿಸಿತು. ಫ್ಯೂಸು ಹಾಕಲೆಂದೇ ಮೆಟ್ಟಿಲಿಳಿದ. ಅಷ್ಟರಲ್ಲಿ ಗೇಟಿನಲ್ಲಿ ಪೀಪಿ ಸೀಟಿ ಊದಿದ: "ಏನೋ ಹೊಸ ಮದುಮಗನ ಹಾಗೆ ಮುಖ ಹೊಳೀತಿದೆ? ಬಾ, ಬಾ!" ಏನಾಯಿತೆಂದು ಹೇಳಿಕೊಳ್ಳುವ ತವಕ ಲೈನ್‌ಮನ್‌ಗೆ ತಡೆಯಲಾಗಲಿಲ್ಲ. ಹೇಳುತ್ತಾ ಮೆಟ್ಟಿಲ ಬುಡದಲ್ಲಿದ್ದ ಬೂಟು ಹಾಕಿಕೊಂಡ, ಹೇಳುತ್ತಾ ಗೇಟು ದಾಟಿದ, ಹೇಳುತ್ತಾ ರಸ್ತೆ ದಾಟಿದ, ಹೇಳುತ್ತಾ ಪಾರ್ಕು ಸುತ್ತಿದ. ಹಾಡಹಗಲು; ದೀಪ ಇಲ್ಲವೆಂದು ಕಣ್ಣಿಗೆ ಕಾಣುವುದಾದರೂ ಹೇಗೆ? ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಲ್ಲಿ ಬಿತ್ತಂತೆ.

ಈಗ ಅವನು ಎದ್ದು ಓಡಿದ.

"ಓಡ್ಬೇಡ್ವೋ! ಸತ್ತುಹೋಗ್ತೀಯ!" ಪೀಪಿ ಮಂಡಿ ಎಳೆಯುತ್ತಾ ಹಿಂದೆ ಬಂದ. "ಮನೆಗೆ ಫೋನ್ ಮಾಡೋ!"

ಫೋನು ಎಲ್ಲಿದೆ? ಅಡುಗೆಮನೆಯ ಕಪಾಟಿನಲ್ಲಿ, ಚಾರ್ಜಿಗೆ. ಪೀಪಿಯ ಫೋನಿನಿಂದ ಮಾಡೋಣವೆಂದರೆ ಹೆಂಡತಿಯ ನಂಬರು ಬಾಯಿಗೆ ಬರದು. ಅದು ಫೋನಿಗೆ ಗೊತ್ತಿತ್ತು, ಅವನಿಗಲ್ಲ.

ಪಾರ್ಕಿನ ಗೇಟು ದಾಟುವಷ್ಟರಲ್ಲಿ ಎದೆಯೊಳಗೆ ಯಾರೋ ಮುಷ್ಟಿ ಬಿಗಿದಂತಾಯಿತು. ಅವನು ಲೈಟ್ ಕಂಬವೊಂದನ್ನು ತಬ್ಬಿಕೊಂಡು ನಿಂತ. ನಾಲಿಗೆಯಡಿ ಇಡುವ ಮಾತ್ರೆ ಅಂಗಿಯ ಜೇಬಿನಲ್ಲಿತ್ತು; ಇಟ್ಟುಕೊಂಡ. ತಾನು ಇಲ್ಲಿ ಬಿದ್ದರೆ ಫ್ಯೂಸೂ ತನ್ನ ಜೊತೆ ಇಲ್ಲೇ ಬೀಳುತ್ತದೆ. ಆಸ್ಪತ್ರೆಯವರು ಅದನ್ನು ವಾಚು, ಬೂಟುಗಳ ಜೊತೆ ಒಂದು ಕವರಿಗೆ ಹಾಕಿಡುತ್ತಾರೆ.

ನೀರಿನ ಕ್ಯಾನು ಹಂಚುವ ಗಾಡಿಯೊಂದು ಬರುತ್ತಿತ್ತು. ಅವನು ನಡುರಸ್ತೆಗೆ ನುಗ್ಗಿ ಎರಡೂ ಕೈ ಎತ್ತಿದ. ಗಾಡಿಯವನು ಬ್ರೇಕು ಒತ್ತಿ ಬಯ್ಯಲು ತಲೆ ಹೊರಗೆ ಹಾಕಿದ. ಆ ಮುಖ ನೋಡಿ ಬೈಗುಳ ನುಂಗಿಕೊಂಡು, "ಹತ್ತಿ ಯಜಮಾನ್ರೇ, ಹಿಂದೆ ಹತ್ತಿ," ಎಂದ.

ತುಂಬಿದ ಕ್ಯಾನುಗಳ ನಡುವೆ ಕೂತು ಅವನು ತನಗೆ ತಾನೇ ಧೈರ್ಯ ಹೇಳಿಕೊಂಡ. ಮನೆಯ ಕೆಳಗೆ ಇಸ್ತ್ರಿ ಅಂಗಡಿ ಇದೆ. ಇಸ್ತ್ರಿಯವನಿಗೂ ಅದೇ ಫ್ಯೂಸಿನಿಂದ ಕರೆಂಟು. ಇಸ್ತ್ರಿ ಪೆಟ್ಟಿಗೆ ಆರಿದ ಕೂಡಲೇ ಅವನು ಸುಮ್ಮನಿರುವ ಆಳಲ್ಲ. ಒಂದು ತುಂಡು ತಂತಿ ತಂದು ಖಾಲಿ ಜಾಗಕ್ಕೆ ಸಿಕ್ಕಿಸಿಯೇ ಸಿಕ್ಕಿಸಿರುತ್ತಾನೆ. ಹಿಂದೊಮ್ಮೆ ಹಾಗೆ ಮಾಡಿದ್ದಕ್ಕೇ ಅಲ್ಲವೇ ತಾನು ಅವನ ನೀರಿಳಿಸಿದ್ದು? ಜೀವಮಾನವಿಡೀ ಅಂಥವರನ್ನು ಬೈದುಕೊಂಡು ಬಂದ ಲೈನ್‌ಮನ್ ಈಗ, ದೇವರೇ, ಅವನು ಆ ತಪ್ಪು ಮಾಡಿರಲಿ, ಮಾಡಿರಲಿ ಎಂದು ಬೇಡಿಕೊಂಡ.

ಮನೆಯ ಮುಂದೆ ಜನ ಸೇರಿದ್ದರು. ಯಾರೂ ಬಾಗಿಲ ಕಡೆ ನೋಡುತ್ತಿರಲಿಲ್ಲ, ಎಲ್ಲರ ಕತ್ತೂ ಮೇಲಕ್ಕೆ. ತಾರಸಿಯ ಮೇಲೆ ಇಬ್ಬರು ನೀರಿನ ಟ್ಯಾಂಕಿನ ಹಿಂದೆ ಬಗ್ಗಿ ನೋಡುತ್ತಿದ್ದರು. ಒಬ್ಬ ಪೈಪುಗಳ ಸಂದಿಗೆ ಟಾರ್ಚು ಬಿಡುತ್ತಿದ್ದ. ಗಾಳಿ ಪೆಟ್ಟಿಗೆಗೆಂದು ಎದುರುಮನೆಯ ಕಿಟಕಿಯಿಂದ ವೈರು ಎಳೆದು ತಂದವರೊಬ್ಬರು, ಅದರ ಉದ್ದ ಸಾಲದೆ, ಇನ್ನೊಂದು ತುಂಡನ್ನು ಹಲ್ಲಿನಲ್ಲಿ ಸುಲಿಯುತ್ತಾ ಕೂತಿದ್ದರು. ತಾರಸಿಯ ಅಂಚಿನಲ್ಲಿ ಅವನ ಹೆಂಡತಿ, ತಲೆ ಕೆದರಿಕೊಂಡು, ಗಂಟಲು ಹರಿಯುವಂತೆ ಕೂಗುತ್ತಿದ್ದಳು: "ರೀ! ಎಲ್ಲಿದ್ದೀರ್ರೀ! ಒಂದು ಸಲ ಓ ಅನ್ರೀ!"

"ಇಲ್ಲಿ!" ಎಂದ ಅವನು ಗಾಡಿಯಿಂದ ಇಳಿಯುತ್ತಾ. ಆ ಗದ್ದಲದಲ್ಲಿ ಕೇಳಿಸಲಿಲ್ಲ. ಮತ್ತೆ ಕೂಗಿದ. ಅವಳು ಕೆಳಗೆ ನೋಡಿದಳು. ಗಂಡ ಸಿಕ್ಕಿದನೆಂಬ ಸಂತೋಷ ಆ ಮುಖದ ಮೇಲೆ ಬಂದದ್ದೂ ನಿಜ, ಅವನು ರಸ್ತೆಯ ಕಡೆಯಿಂದ, ವಾಕಿಂಗಿನ ಬೂಟು ಹಾಕಿಕೊಂಡು ಬರುತ್ತಿದ್ದಾನೆ ಅನ್ನುವುದು ಅರ್ಥವಾದಾಗ ಆ ಮುಖ ಕಲ್ಲಾದದ್ದೂ ನಿಜ. ಆ ಮುಖವನ್ನು ಅವನು ಮರೆಯಲಾರ.

ಮೆಟ್ಟಿಲ ಕೆಳಗೆ ಮೀಟರ್ ಬೋರ್ಡಿಗೆ ಬೆನ್ನು ಕೊಟ್ಟು ಇಸ್ತ್ರಿಯವನು ನಿಂತಿದ್ದ. ಕೈಯಲ್ಲಿ ಬಾಗಿಲಿಗೆ ಅಡ್ಡ ಹಾಕುವ ಮರದ ಪಟ್ಟಿ. ಮೈಯೆಲ್ಲಾ ಬೆವರು.

"ತಂತಿ ಹಾಕ್ಲಿಲ್ವೇನೋ?" ಲೈನ್‌ಮನ್ ಕಿರುಚಿದ.

"ಹೆಂಗ್ ಹಾಕ್ಲಿ ಅಣ್ಣ?" ಇಸ್ತ್ರಿಯವನ ಕಣ್ಣಲ್ಲಿ ನೀರು. "ನಾನು ಹೊರಗಿಂದ ಬಂದು ನೋಡಿದ್ರೆ ಕರೆಂಟಿಲ್ಲ, ತಂತಿ ತಂದಿದ್ದೆ. ಹಾಕೋಕೆ ಕೈ ಎತ್ತಿದ್ದೆ. ನಿಮ್ಮತ್ತೆ ಮೇಲಿಂದ ಕೂಗಿದ್ರು. ಫ್ಯೂಸು ಅಳಿಯನ ಜೇಬಲ್ಲಿದೆ, ಅವ್ರು ಎಲ್ಲೋ ತಂತಿ ಮೇಲಿದ್ದಾರೆ, ಮೊದ್ಲು ಅವ್ರನ್ನ ಹುಡ್ಕಿ ಅಂದ್ರು. ಯಾರನ್ನೂ ಹತ್ರ ಬಿಡ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು ಅಣ್ಣ. ಸಿಲಿಂಡರ್ ಆಗ್ಲೇ ಮುಗಿದಿತ್ತು."

ಲೈನ್‌ಮನ್ ಅವನನ್ನು ಸರಿಸಿ ಬೋರ್ಡಿನ ಮುಂದೆ ನಿಂತ. ಫ್ಯೂಸು ಹಿಡಿದ ಕೈ ಬೋರ್ಡಿಗೆ ಹೋಗಿ ತಾಗುತ್ತದೆ, ಜಾಗಕ್ಕೆ ಕೂರುವುದಿಲ್ಲ. ಕಣ್ಣು ಮುಚ್ಚಿ ಹಾಕುತ್ತಿದ್ದ ಫ್ಯೂಸು! ಇಸ್ತ್ರಿಯವನು ಅವನ ಮುಂಗೈ ಹಿಡಿದುಕೊಂಡ. ಇಬ್ಬರೂ ಸೇರಿ ಒತ್ತಿದಾಗ ಕಟ್ ಎಂದು ಕೂತಿತು. ಮೇಲೆ, ತೆರೆದ ಬಾಗಿಲಿನಿಂದ, ಗಾಳಿ ಪೆಟ್ಟಿಗೆಯ ಗುರ್ ದನಿ ಕೇಳಿಸಿತು.

ಅವನು ಮೆಟ್ಟಿಲು ಹತ್ತಿದ. ಹತ್ತಬಾರದ ಹಾಗೆ ಹತ್ತಿದ.

ಅತ್ತೆ ಕಿಟಕಿಯ ಸರಳಿಗೆ ತಲೆ ಆನಿಸಿ ಕೂತಿದ್ದಳು. ಎತ್ತಿ ಕೆಳಗೆ ಒಯ್ಯಲು ಹೋದರೆ ಉಸಿರು ಇನ್ನೂ ಕಟ್ಟುತ್ತಿತ್ತಂತೆ. ತುಟಿ ನೇರಳೆಯಾಗಿತ್ತು. ಭುಜಗಳು ಮೇಲೆ ಕೆಳಗೆ ಹೋಗುತ್ತಿದ್ದವು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಹಿಂದೆಯೇ ಬಂದ ಹೆಂಡತಿ ಅವನನ್ನು ಪಕ್ಕಕ್ಕೆ ತಳ್ಳಿ ಕೊಳವೆಯನ್ನು ಅಮ್ಮನ ಮೂಗಿಗೆ ಹಚ್ಚಿ, ಬೆನ್ನು ನೀವತೊಡಗಿದಳು. ಅಡುಗೆಮನೆಯ ಕಪಾಟಿನಲ್ಲಿ ಅವನ ಫೋನು ಹೊಡೆದುಕೊಳ್ಳುತ್ತಿತ್ತು. ತಾರಸಿಯಲ್ಲಿದ್ದ ಯಾರೋ ಇನ್ನೂ ಅವನಿಗೆ ಫೋನು ಮಾಡುತ್ತಿದ್ದರು. ಆ ಫೋನು ಮನೆಯೊಳಗೇ ಬಡಿದುಕೊಂಡಿದ್ದರಿಂದಲೇ ಎಲ್ಲರೂ ಅವನು ಇಲ್ಲೇ ಎಲ್ಲೋ ಬಿದ್ದಿದ್ದಾನೆಂದು ನಂಬಿದ್ದು.

ಅತ್ತೆ ಕಣ್ಣು ತೆರೆದು ಅವನನ್ನು ನೋಡಿದಳು. ತಲೆಯಿಂದ ಕಾಲಿನವರೆಗೆ, ಸುಟ್ಟಿದೆಯೋ ಇಲ್ಲವೋ ಎಂದು ಹುಡುಕುವವಳ ಹಾಗೆ ನೋಡಿದಳು. ಆಮೇಲೆ ಕೈ ಎತ್ತಲು ಹೋಗಿ, ಆಗದೆ, ಕಣ್ಣು ಮುಚ್ಚಿಕೊಂಡಳು. ಅಷ್ಟರಲ್ಲಿ ಕೆಳಗೆ ಆಂಬುಲೆನ್ಸಿನ ಸದ್ದು ಬಂತು.

ಆಸ್ಪತ್ರೆಯಲ್ಲಿ ಅವನ ಎದೆಯನ್ನೂ ನೋಡಿದರು. ಡಾಕ್ಟರು, "ಪುಣ್ಯ, ಏನೂ ಆಗಿಲ್ಲ," ಎಂದರು. ತನಗೆ ಏನಾದರೂ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ. ಆ ರಾತ್ರಿ ಹೇಗೋ ಕಳೆಯಿತು. ಅತ್ತೆಯೂ ಉಳಿದಳು. ಗಟ್ಟಿ ಜೀವ, ಬೇರೆಯವರಾಗಿದ್ದರೆ ಹೋಗಿಬಿಡುತ್ತಿದ್ದರು ಎಂದು ನರ್ಸು ಹೇಳಿದಳು.

ಬೆಳಗ್ಗೆ ವಾರ್ಡಿನ ಬಾಗಿಲಲ್ಲಿ ಹೆಂಡತಿ ಅವನನ್ನು ತಡೆದಳು. ಹಿಂದಿನ ದಿನದಿಂದ ಅವನ ಜೊತೆ ಆಡಿದ ಮೊದಲ ಮಾತು ಅದು.

"ಅಮ್ಮನಿಗೆ ಮಾತು ಬಂದಿದೆ. ನಿಮ್ಮನ್ನೇ ಕೇಳ್ತಿದ್ದಾಳೆ. ಅಟ್ಟದ ಮೇಲಿದ್ದೆ ಅಂತ ಹೇಳಿ. ವೈರು ಮುಟ್ಕೊಂಡು ಕೆಲಸ ಮಾಡ್ತಿದ್ದೆ, ಕೂಗಿದ್ದು ಕೇಳಿಸ್ಲಿಲ್ಲ ಅನ್ನಿ."

"ಅಂದ್ರೆ..."

"ಅಂದ್ರೆ ಅವಳು ಉಸಿರು ಕಟ್ಕೊಂಡು ನಿಮ್ಮ ಜೀವ ಉಳಿಸಿದ್ಲು ಅಂತ ಆಗತ್ತೆ. ಅಷ್ಟಾದ್ರೂ ಸಿಗ್ಲಿ ಅವಳಿಗೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನು ಅಲ್ಲಿ ನಿಂತಿದ್ದೆ ಕಣ್ರೀ. ಒಂದು ಕಡೆ ಅಮ್ಮ, ಒಂದು ಕಡೆ ನೀವು. ತಂತಿ ಹಾಕು ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಹಾಕ್ಬೇಡ ಅಂತ ಹೇಳೋಕೂ ಬರ್ಲಿಲ್ಲ. ಅವಳೇ ಹೇಳಿದ್ಲು."

ಅವನು ತಲೆಯಾಡಿಸಿ ಒಳಗೆ ಹೋದ. ಸುಳ್ಳು ನಾಲಿಗೆಯ ತುದಿಯಲ್ಲೇ ಸಿದ್ಧವಾಗಿತ್ತು, ಒಳ್ಳೆಯ ಸುಳ್ಳೇ ಆಗಿತ್ತು. ಅತ್ತೆ ದಿಂಬಿಗೆ ಒರಗಿದ್ದಳು. ಒಂದೇ ದಿನಕ್ಕೆ ಮುಖ ಅಂಗೈಯಷ್ಟಾಗಿತ್ತು.

"ಎಲ್ಲಿದ್ರಿ ಅಳಿಯಂದ್ರೇ?" ಎಂದಳು.

ಆ ಪ್ರಶ್ನೆಗೆ ಸುಳ್ಳು ಹೇಳಲು ಅವನಿಂದಾಗಲಿಲ್ಲ. ತಂತಿಯ ಕೆಲಸದವನು ಯಾವ ಸುಳ್ಳಾದರೂ ಹೇಳಿಯಾನು. ಎಲ್ಲಿದ್ದೀಯಾ ಎಂದು ಕೇಳಿದರೆ ಮಾತ್ರ ಇರುವ ಜಾಗವನ್ನೇ ಹೇಳಬೇಕು. ಇಲ್ಲದಿದ್ದರೆ ಯಾರಾದರೂ ಸಾಯುತ್ತಾರೆ.

"ಪಾರ್ಕಲ್ಲಿದ್ದೆ ಅತ್ತೆ. ಬೆಂಚಿನ ಮೇಲೆ. ಕೆಲಸ ಆಗ್ಲೇ ಮುಗಿದಿತ್ತು. ಮೆಟ್ಟಿಲ ಸ್ವಿಚ್ಚು, ಅಷ್ಟೇ. ಫ್ಯೂಸ್ ಹಾಕೋದು ಮರೆತು ವಾಕಿಂಗ್ ಹೋಗಿಬಿಟ್ಟೆ."

ಬಾಗಿಲಲ್ಲಿ ಹೆಂಡತಿ ಹಣೆ ಚಚ್ಚಿಕೊಂಡಳು.

ಅತ್ತೆ ಅವನನ್ನೇ ನೋಡುತ್ತಾ ಇದ್ದಳು. ಬೈಯಲಿ, ಶಾಪ ಹಾಕಲಿ ಎಂದು ಅವನು ಕಾದ. ಆಕೆಯ ಬಾಯಿಯಿಂದ ಅಂಥದ್ದೇನೂ ಬರಲಿಲ್ಲ.

"ಬೆಂಚಿನ ಮೇಲೆ," ಎಂದಳು ಕೊನೆಗೆ, ಒಂದೊಂದೇ ಮಾತಿಗೆ ಉಸಿರು ಎಳೆದುಕೊಳ್ಳುತ್ತಾ. "ನಾನು ಮನಸ್ಸಲ್ಲೇ ಹೇಳ್ಕೊಳ್ತಿದ್ದೆ. ಇನ್ನೊಂದು ಉಸಿರು ತಡಿ, ಮುದುಕಿ. ಇನ್ನೊಂದು ತಡಿ. ಅಳಿಯ ಇಳೀಲಿ. ಕೈ ತೆಗೀಲಿ. ಅಷ್ಟರಲ್ಲಿ ನೀವು ಬೆಂಚಿನ ಮೇಲೆ."

ಅವನಿಗೆ ಅಳು ಬಂತು. ದೊಡ್ಡ ಆಳು, ವಾರ್ಡಿನವರೆಲ್ಲಾ ನೋಡುತ್ತಿದ್ದಾರೆ ಎಂಬುದನ್ನೂ ಲೆಕ್ಕಿಸದೆ ಗೊಳೋ ಎಂದು ಅತ್ತ. "ತಪ್ಪಾಯ್ತು ಅತ್ತೆ. ನನ್ನ ಕೈಯಿಂದ ದೊಡ್ಡ ತಪ್ಪಾಯ್ತು," ಎನ್ನುವುದು ಬಿಟ್ಟು ಬೇರೆ ಮಾತೇ ಅವನಿಗೆ ತೋಚಲಿಲ್ಲ.

ಆಕೆ ಸಮಾಧಾನ ಹೇಳಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಪರವಾಗಿಲ್ಲ ಅನ್ನುವಂಥ ವಿಷಯವೂ ಅದಾಗಿರಲಿಲ್ಲ. ಅವನ ಅಳು ನಿಂತ ಮೇಲೆ ಕೇಳಿದಳು:

"ಇವತ್ತು ನಡೆದ್ರಾ?"

"ಇಲ್ಲ. ಇನ್ನು ಹೋಗಲ್ಲ ಅತ್ತೆ. ಮನೇಲೇ ಇರ್ತೀನಿ. ನಿಮ್ಮ ಹತ್ರಾನೇ ಕೂತಿರ್ತೀನಿ."

"ಕೂತ್ಕೊಂಡು? ಡಾಕ್ಟ್ರು ಏನು ಹೇಳಿದ್ದಾರೆ? ನಿಮಗೂ ಏನಾದ್ರೂ ಆದ್ರೆ ನನ್ನ ಮಗಳು ಇಬ್ಬರನ್ನೂ ಹೊರ್ಬೇಕಾ?" ಬಡಕಲು ಕೈ ಹೊದಿಕೆಯಿಂದ ಹೊರಗೆ ಬಂತು. "ಹೋಗಿ. ಆದ್ರೆ ಮೊದ್ಲು ಜೇಬು ತೋರ್ಸಿ."

ಅವನಿಗೆ ಅರ್ಥವಾಗಲಿಲ್ಲ.

"ಜೇಬು, ಅಳಿಯಂದ್ರೇ. ಎರಡೂ."

ಅವನು ಪ್ಯಾಂಟಿನ ಎರಡೂ ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಿದ. ಬಿಳಿ ಅಸ್ತರು ಎರಡೂ ಕಡೆ ಜೋತುಬಿತ್ತು. ಅತ್ತೆ ಕೈಚಾಚಿ ಬಲಗಡೆಯದನ್ನು ಮುಟ್ಟಿದಳು, ಮೂಲೆಯವರೆಗೂ ಹಿಂಡಿ ನೋಡಿದಳು. ಏನೂ ಇರಲಿಲ್ಲ. ಆದರೂ ಆಕೆ ಅದನ್ನು ಕೂಡಲೇ ಬಿಡಲಿಲ್ಲ.